ಕಿವಿಯ ಮೇಲಿನ ಬೀಡಿ

ಆ ಬೀಡಿ ಅವನ ಬಲಗಿವಿಯ ಮೇಲೆ ಹಾಗೇ ಇದೆ, ಹೊತ್ತಿಸಿಲ್ಲ, ತೆಗೆದೂ ಇಟ್ಟಿಲ್ಲ, ಹಸಿ ಟೊಂಗೆ ಹಿಡಿದು ಹಳ್ಳದ ತಿರುವಿನಲ್ಲಿ ನಿಂತ ಮೌಲಾಲಿ ತಲೆ ಹೊರಳಿಸಿದಾಗಲೆಲ್ಲ ಅದರ ಕೆಂಪು ದಾರ ಇಳಿಬಿಸಿಲಿಗೆ ಕಾಣುತ್ತದೆ, ಕಂಡಾಗಲೆಲ್ಲ ಬಸವೇಶ್ವರಿಯ ಕಣ್ಣು ಅಲ್ಲೇ ನಿಲ್ಲುತ್ತದೆ — ಬೀಡಿ ಇದ್ದವನ ಹತ್ತಿರ ಕಡ್ಡಿಪೆಟ್ಟಿಗೆ ಇಲ್ಲ ಅಂದರೆ ಯಾರು ನಂಬಬೇಕು, ಎಲ್ಲರೂ ಕೊಟ್ಟರಲ್ಲ, ಕೆಲಸ ಶುರುವಾಗುವ ಮುಂಚೆ ಅವಳು ತನ್ನ ರೊಟ್ಟಿ ಡಬ್ಬಿ ಖಾಲಿ ಮಾಡಿ ಸಾಲಿನ ಮುಂದೆ ಹಿಡಿದುಕೊಂಡು ನಡೆದಳು, ಹುಲ್ಲು ಸುಡುವ ಬೆಂಕಿ ಕೆಲಸಕ್ಕೆ ಬಂದವರ ಜೇಬಿನಲ್ಲಿ ಬೆಂಕಿ ಇರಕೂಡದು, ಇದು ಗಾರ್ಡ್ ಆಗಿ ಈ ಕಾಡಿಗೆ ಬಂದ ಮೇಲೆ ಅವಳೇ ಮಾಡಿದ ಕಾಯಿದೆ, ಹಚ್ಚುವುದಕ್ಕೆ ಒಂದೇ ದೀವಟಿಗೆ, ಅದು ವಾಚರ್ ಭಾಗಣ್ಣನ ಕೈಯಲ್ಲಿ, ಉಳಿದವರದೆಲ್ಲ ಬಡಿದು ಆರಿಸುವ ಕೆಲಸ. ಭಾಗಣ್ಣ ತನ್ನ ಕಡ್ಡಿಪೆಟ್ಟಿಗೆ ಹಾಕಿದ, ಹಿಂದಿನವರು ಹಾಕಿದರು, ಡಬ್ಬಿ ಗಲಗಲ ಅಂತು, ಮೌಲಾಲಿ ಮಾತ್ರ ಎರಡೂ ಕೈ ಅಗಲಿಸಿ ನಿಂತ, ನನ್ನ ಬಲ್ಲಿ ಇಲ್ರಿ ಮೇಡಂ. ಬೀಡಿ ಅದಲ್ಲ ಚಾಚಾ. ಬೀಡಿ ಅದರಿ, ಕಡ್ಡಿ ಇಲ್ರಿ. ಹಾಗೆಂದು ನಕ್ಕ, ನಗುವಂಥದ್ದು ಏನಿತ್ತು ಅದರಲ್ಲಿ, ನಕ್ಕಾಗ ಅಂಗಿಯ ಜೇಬು ಉಬ್ಬಿದ್ದು ಕಂಡಿತು, ಚೌಕಾಗಿ, ಸಣ್ಣದಾಗಿ, ಬೆರಳು ಹಾಕಿ ನೋಡಲಾದೀತೇ, ವಯಸ್ಸಾದವನು, ಬಾಯಿ ತುಂಬ ಮೇಡಂ ಅನ್ನುವವನು.

ಹುಲ್ಲು ಚಟಚಟ ಅನ್ನುತ್ತಿದೆ, ಬೆಂಕಿ ಗಾಳಿಗೆ ಎದುರಾಗಿ ಒಂದೊಂದೇ ಹೆಜ್ಜೆ ಹಿಂದೆ ಸರಿಯುತ್ತ ತಿನ್ನುತ್ತಿದೆ, ಹೀಗೇ ತಿನ್ನಬೇಕು, ಮೊಣಕಾಲೆತ್ತರ ಮೀರಬಾರದು, ತರಬೇತಿಯಲ್ಲಿ ಹೇಳಿದ್ದು ಇದನ್ನೇ, ಮುದಿಹುಲ್ಲು ಹೋದರೆ ಎಳೆಹುಲ್ಲು ಬರುತ್ತದೆ, ಎಳೆಹುಲ್ಲಿಗೆ ಜಿಂಕೆ ಬರುತ್ತದೆ, ತುಂಡು ತುಂಡಾಗಿ ಸುಡಬೇಕು, ನಡುನಡುವೆ ಅಡಗುವುದಕ್ಕೆ ಪೊದೆ ಬಿಡಬೇಕು. ಹಚ್ಚುವ ಮುಂಚೆ ಎಲ್ಲರೂ ತಾಟು ಬಡಿಯುತ್ತ ಹುಲ್ಲಿನೊಳಗೆ ನಡೆದರು, ಮೊಲ ಎದ್ದವು, ಬುರ್ಲಿ ಹಕ್ಕಿ ಎದ್ದವು, ಒಂದು ಆಮೆಯನ್ನು ಮೌಲಾಲಿಯೇ ಎತ್ತಿ ಹಳ್ಳದ ಆಚೆ ಬಿಟ್ಟು ಬಂದ, ಬರುವಾಗ ಪಡುವಣ ದಿಕ್ಕಿಗೆ ನೋಡಿದ, ಈಗಲೂ ನೋಡುತ್ತಿದ್ದಾನೆ, ಅಗೋ, ಎಷ್ಟು ಸಲ ನೋಡುತ್ತಾನೆ ಆ ಕಡೆ, ಆ ಕಡೆಯೇ ಅವನ ಎಮ್ಮೆಗಳಿರುವುದು. ಹೋದ ಬೇಸಿಗೆ ಗುಡ್ಡಕ್ಕೆ ಗುಡ್ಡವೇ ಉರಿದು ಬೂದಿಯಾದಾಗ ಯಾರು ಹಚ್ಚಿದರು ಅಂತ ಇಂದಿಗೂ ಗೊತ್ತಿಲ್ಲ, ಆದರೆ ಕರಿ ನೆಲದಲ್ಲಿ ಹಸಿರು ಮೂಡಿದ ಕೂಡಲೆ ಅಲ್ಲಿ ಮೇಯುತ್ತಿದ್ದದ್ದು ಕೋಡು ಮುರಿದ ಎಮ್ಮೆ, ಅದು ಮೌಲಾಲಿಯದು, ಊರಿನ ಎಮ್ಮೆಗಳೆಲ್ಲ ಇದ್ದವು ನಿಜ, ಅವಳ ಕಣ್ಣಿಗೆ ಬಿದ್ದದ್ದು ಮಾತ್ರ ಕೋಡು ಮುರಿದದ್ದು, ಕಣ್ಣಿನೊಳಗೇ ಉಳಿದುಬಿಟ್ಟಿತು. ಸುಟ್ಟ ನವಿಲುಮೊಟ್ಟೆಗಳನ್ನು ಅವಳು ಕೈಯಲ್ಲಿ ಹಿಡಿದು ಕೂತಿದ್ದಳು ಆ ದಿನ. ಆಮೇಲೆ ಮೇವಿಲ್ಲದೆ ಜಿಂಕೆಗಳು ತೊಗರಿ ಹೊಲಕ್ಕೆ ಇಳಿದವು, ಅವನ್ನು ನಾಯಿಗಳು ಹರಿದು ಹಾಕಿದವು, ತೆಂಗಳಿ ಊರಿನ ಕಡೆಯವರು ಬಂದು ನಿಮ್ಮ ಜಿಂಕಿ ನೀವೇ ಒಯ್ಯರಿ ಅಂತ ಗೋಣಿಚೀಲದಲ್ಲಿ ತಂದು ಹಾಕಿ ಹೋದರು.

ಚಾಚಾ ನೀರು ಕುಡೀರಿ ಅಂತ ಬಾಟಲಿ ಚಾಚಿದಾಗಲೂ ಅವನು ಬ್ಯಾಡ್ರಿ ಅಂದ, ಈ ಝಳದಲ್ಲಿ, ಬೆವರು ಗಡ್ಡದಿಂದ ತೊಟ್ಟಿಕ್ಕುತ್ತಿರುವಾಗ, ಬ್ಯಾಡ ಅಂದರೆ ಏನರ್ಥ, ಮನಸ್ಸಿನಲ್ಲಿ ಬೇರೆ ಏನೋ ಇದ್ದವನಿಗೆ ನೀರು ಗಂಟಲಲ್ಲಿ ಇಳಿಯುವುದಿಲ್ಲ, ಅವ್ವನಾಗಿದ್ದರೆ ಹಾಗೇ ಅನ್ನುತ್ತಿದ್ದಳು. ಅವ್ವ ರಮಾಬಾಯಿ, ಸೇಡಂನಲ್ಲಿ ಹಾಲಿನ ಪಾತ್ರೆಯ ಒಳಗೆ ಇದ್ದಲಿಯಿಂದ ಗೆರೆ ಎಳೆದು ಬಜಾರಕ್ಕೆ ಹೋಗುವವಳು, ಬಂದು ಗೆರೆ ನೋಡಿ ಆಮೇಲೆಯೇ ಚಪ್ಪಲಿ ಬಿಡುವವಳು, ಕಾಯಿಪಲ್ಲೆಯವನ ತಕ್ಕಡಿಯನ್ನು ತಿರುಗಿಸಿ ಕೆಳಗೆ ನೋಡುವವಳು, ಮನೆಯ ಮೇಲೆ ಸಿಮೆಂಟ್ ಫ್ಯಾಕ್ಟರಿಯ ಧೂಳು ಬಿದ್ದರೂ ಪಕ್ಕದ ಮನೆಯವರೇ ಗುಡಿಸಿ ಹಾಕಿದ್ದು ಅನ್ನುವವಳು. ಅವ್ವನ ಮೂಗು ಅವಳಿಗೆ ಬರಲಿಲ್ಲ, ಬಣ್ಣ ಬರಲಿಲ್ಲ, ಆ ಇದ್ದಲಿ ಗೆರೆ ಮಾತ್ರ ಬಂತು, ಒಮ್ಮೊಮ್ಮೆ ಅದಕ್ಕೆ ಅವಳಿಗೆ ನಾಚಿಕೆಯಾಗುತ್ತದೆ, ಇವತ್ತು ಆಗಲಿಲ್ಲ. ಇವತ್ತು ತಪ್ಪಿದರೆ ಎಲ್ಲ ಹೋಯಿತು. ಬೆಂಕಿ ಆರಿಸಲಿಕ್ಕ ಪಗಾರ ಕೊಡ್ತಾರ ನಮಗ, ಹಚ್ಚಲಿಕ್ಕಲ್ಲ ಅಂದಿದ್ದರು ರೇಂಜರ್ ಸಾಹೇಬರು, ಅವಳು ಬೆನ್ನು ಬಿಡಲಿಲ್ಲ, ಈಗ ಸಣ್ಣದಾಗಿ ನಾವೇ ಸುಟ್ಟರೆ ಬೇಸಿಗೆಯಲ್ಲಿ ದೊಡ್ಡದು ಬರುವುದಿಲ್ಲ ಸರ್ ಅಂತ ಹೋದಲ್ಲಿ ಬಂದಲ್ಲಿ ಹೇಳಿದಳು, ಕಡೆಗೆ ಅವರು ಬೇಸತ್ತು, ಆತವ್ವ, ಹಚ್ಚು, ಖರೆ ಗೆರಿ ದಾಟ್ತು ಅಂದ್ರ ನೀ ಜವಾಬ್ದಾರಿ, ನಾ ಅಲ್ಲ, ಮುಂದ ಈ ಮಾತು ನನ್ನ ಮುಂದ ಎತ್ತಬ್ಯಾಡ. ಬೆಂಕಿ ದಾಟದಂತೆ ಹುಲ್ಲು ಕೆತ್ತಿದ ಗೆರೆಯ ಆಚೆ, ಹಳ್ಳದ ಆ ದಂಡೆಗೆ, ಬಾರಿಕಂಟಿ ಕಾರಿಕಂಟಿ ಹೆಣೆದುಕೊಂಡ ಪೊದೆಗಾಡು, ಈ ಗುಡ್ಡದಲ್ಲಿ ಉಳಿದದ್ದು ಅದೊಂದೇ, ಜಿಂಕೆಗಳು ಮರಿ ಹಾಕಿರುವುದು ಅದರೊಳಗೇ, ನಿನ್ನೆ ಗೆರೆ ಕೆತ್ತಿಸುವಾಗ ಒಂದು ಮರಿಯ ಕಿವಿ ಅಲುಗಿದ್ದನ್ನು ಅವಳು ನೋಡಿದ್ದಾಳೆ, ಯಾರಿಗೂ ಹೇಳಿಲ್ಲ, ಹೇಳಿದರೆ ಯಾರ ಬಾಯಿಂದ ಎಲ್ಲಿಗೆ ಹೋಗುತ್ತದೋ. ಅದು ಉಳಿಯಬೇಕು. ಅದು ಉಳಿಯುವುದಕ್ಕೇ ಅಲ್ಲವೇ ಇದೆಲ್ಲ.

ಮತ್ತೆ ಪಡುವಣಕ್ಕೆ ನೋಡಿದ. ಈ ಸಲ ಜೇಬನ್ನು ಮುಟ್ಟಿಕೊಂಡ, ಕೈ ಹಾಗೇ ಮೇಲೆ ಹೋಗಿ ಬೀಡಿ ಇದೆಯೋ ಇಲ್ಲವೋ ನೋಡಿತು, ಬೀಡಿ ಇತ್ತು, ಕೈ ಇಳಿಯಿತು. ಒಂದು ಕಡ್ಡಿ ಗೀರಿ ಆಚೆ ದಂಡೆಗೆ ಎಸೆದರೆ ಯಾರಿಗೆ ಗೊತ್ತಾಗುತ್ತದೆ, ಕಿಡಿ ಹಾರಿತ್ರಿ ಮೇಡಂ, ಏನು ಮಾಡೋಣ ಅಂದರಾಯಿತು, ಶಿವರಾತ್ರಿ ಈಗಷ್ಟೇ ಹೋಗಿದೆ, ಯುಗಾದಿಯ ಹೊತ್ತಿಗೆ ಎಮ್ಮೆಗಳಿಗೆ ಗುಡ್ಡದ ತುಂಬ ಎಳೆಹುಲ್ಲು. ಚಾಚಾ, ಅಂತ ಅವಳು ಕೂಗಿದ್ದು ತನಗೇ ಗಟ್ಟಿಯಾಗಿ ಕೇಳಿಸಿತು, ಚಾಚಾ, ನೀವು ಇಲ್ಲಿ ಬರ್ರಿ, ದಿಬ್ಬದ ಮ್ಯಾಲ, ನನ್ನ ಹಂತ್ಯಾಕ. ಅವನು ಅಲ್ಲಿಂದಲೇ ಟೊಂಗೆ ಎತ್ತಿದ, ಇಲ್ಲಿ ಯಾರ್ರಿ ಮತ್ತ. ಭಾಗಣ್ಣ ನೋಡ್ಕೋತಾನ, ನೀವು ಬರ್ರಿ. ನೀವೇ ನಿಲ್ಲು ಅಂದಿದ್ರಿ ಮೇಡಂ. ಈಗ ಬಾ ಅನ್ನಾಕತ್ತೀನಿ. ಒಂದು ಕ್ಷಣ ಅವನು ಹಾಗೇ ನಿಂತ, ಬರಲಾರೆ ಅನ್ನುವವನ ಹಾಗೆ, ಅದೇ ಸಾಕಾಯಿತು ಅವಳಿಗೆ, ಯಾಕೆ ಬಿಡಲೊಲ್ಲ ಆ ಜಾಗ, ಏನಿದೆ ಅಲ್ಲಿ. ಅಲ್ಲಿ ಇದ್ದದ್ದು ಬಾಗಿದ ಒಂದು ಈಚಲುಮರ, ಅದರ ಒಣಗರಿ ಹಳ್ಳದ ಮೇಲೆ ಆಚೆ ದಂಡೆಯತನಕ ಚಾಚಿತ್ತು, ಕಡಿಯುವುದಕ್ಕೆ ಹೊತ್ತು ಸಾಲದೆ ಬಿಟ್ಟಿದ್ದರು, ಅದಕ್ಕೇ ಬೆಳಿಗ್ಗೆ ಅವಳೇ ಎಲ್ಲರನ್ನೂ ಕರೆದು ಹೇಳಿದ್ದಳು, ಈ ತಿರುವು ಒಂದು ಗಳಿಗೆ ಖಾಲಿ ಇರಬಾರದು, ಇಲ್ಲಿ ಮೌಲಾಲಿ ಚಾಚಾ ನಿಲ್ಲಲಿ ಅಂತ, ಯಾಕಂದರೆ ಅವನು ಕೂತು ಹರಟೆ ಹೊಡೆಯುವವನಲ್ಲ. ಬೆಳಿಗ್ಗೆ ಹೇಳಿದ್ದು ಅವಳೇ. ಈಗ ಅವನು ದಿಬ್ಬ ಹತ್ತಿ ಬಂದು ಪಕ್ಕದಲ್ಲಿ ನಿಂತಿದ್ದಾನೆ, ಭಾಗಣ್ಣನನ್ನು ತಿರುವಿಗೆ ಕಳಿಸುವುದು ಅವಳಿಗೆ ನೆನಪಾಗಿಲ್ಲ, ದಿಬ್ಬದ ಮೇಲೆ ಬರಿಯ ಕಲ್ಲು, ಶಹಾಬಾದಿನ ಪರಸಿಯಂಥ ಚಪ್ಪಟೆ ಕಲ್ಲು, ಉರಿಯುವುದಕ್ಕೆ ಏನೂ ಇಲ್ಲ, ಆರಿಸುವುದಕ್ಕೂ ಇಲ್ಲ, ಅವಳು ಬೆಂಕಿಯನ್ನು ನೋಡುವ ಹಾಗೆ ನಿಂತು ಅವನ ಕೈಯನ್ನು ನೋಡುತ್ತಿದ್ದಾಳೆ, ಜೇಬನ್ನು, ಕಿವಿಯನ್ನು, ಬೀಡಿಯನ್ನು, ಹೊಗೆ ಈ ಕಡೆ ತಿರುಗಿ ಕಣ್ಣಿಗೆ ಬಂದಾಗ ಒರೆಸಿಕೊಂಡು ಮತ್ತೆ ಬೀಡಿಯನ್ನು, ಹೊಗೆ ಯಾಕೆ ಈ ಕಡೆ ತಿರುಗಿತು ಅಂತ ಅವಳಿಗೆ ಹೊಳೆಯಲಿಲ್ಲ, ಹೊಳೆಯಬೇಕಿತ್ತು.

ದಾಟ್ಯದ್ರೀ, ಅಂದದ್ದು ಭಾಗಣ್ಣ, ಎಲ್ಲೋ ಕೆಳಗಿಂದ, ಮೇಡಂ, ತಿರುವಿನಾಗ ದಾಟ್ಯದ. ಅವಳ ಕಣ್ಣು ಮೊದಲು ಹೋದದ್ದು ಮೌಲಾಲಿಯ ಕೈಗೆ, ಇದನ್ನು ಅವಳು ಸಾಯುವತನಕ ಯಾರಿಗೂ ಹೇಳುವುದಿಲ್ಲ, ಕೈಯಲ್ಲಿ ಟೊಂಗೆ ಇತ್ತು, ಟೊಂಗೆ ಇದ್ದಂತೆಯೇ ಅವನು ದಿಬ್ಬದಿಂದ ಹಾರಿದ, ಆ ವಯಸ್ಸಿನಲ್ಲಿ ಹಾಗೆ ಹಾರುತ್ತಾರೆಯೇ, ಅವಳು ಹಿಂದೆ ಓಡಿದಳು, ಡಬ್ಬಿ ಸೊಂಟದಲ್ಲಿ ಗಲಗಲ, ಈಚಲ ಗರಿ ಉರಿದು ಆಚೆ ಬಿದ್ದಿದೆ, ಬಾರಿಕಂಟಿಗೆ ಹತ್ತಿದೆ, ಒಣಕಂಟಿ, ಒಳಗಿನಿಂದ ಏನೋ ಕಿರುಚಿತು, ಒಂದು ಜಿಂಕೆ ಹೊಗೆ ಸೀಳಿಕೊಂಡು ಹೊರಬಿತ್ತು, ಹಿಂದೆ ಇನ್ನೊಂದು, ಹಿಂದೆ — ಮರಿ ಬರಲಿಲ್ಲ, ಬರಲಿಲ್ಲ, ಅವಳು ಕಣ್ಣು ಕೀಳದೆ ನೋಡಿದಳು, ಮೌಲಾಲಿ ಕಂಟಿಯೊಳಗೆ ತಲೆ ಬಗ್ಗಿಸಿ ನುಗ್ಗಿದ್ದ, ಬಡಿಯುವ ಸದ್ದು ಮಾತ್ರ, ಧಪ್ ಧಪ್, ಭಾಗಣ್ಣ ಬೆನ್ನಿನ ಪಂಪಿನಿಂದ ನೀರು ಹೊಡೆಯುತ್ತಿದ್ದಾನೆ, ಅವಳೂ ಬಡಿಯುತ್ತಿದ್ದಾಳೆ, ಎಷ್ಟು ಹೊತ್ತು ಬಡಿದರೋ, ಮುಂದಿನ ಕಲ್ಲುನೆಲಕ್ಕೆ ಬಂದು ಬೆಂಕಿ ತಾನಾಗಿಯೇ ಸುಮ್ಮನಾದಾಗ ಪೊದೆಗಾಡು ಇರಲಿಲ್ಲ, ಕರಿ ಕಡ್ಡಿಗಳು ನಿಂತಿದ್ದವು. ಮರಿ ಹೊರಗ ಬಂತೇನ್ರಿ ಚಾಚಾ, ಅಂತ ಅವಳು ಕೇಳಿದಳು, ಅವನಿಗೆ ಮರಿಯ ಸಂಗತಿ ಗೊತ್ತೇ ಇರಲಿಲ್ಲ, ಆದರೂ ತಲೆ ಅಲ್ಲಾಡಿಸಿದ, ಇಲ್ಲ ಅನ್ನುವ ಹಾಗೆ, ಕಂಡವನ ಹಾಗೆ. ಅವನ ಅಂಗಿಯ ತೋಳು ಸುಟ್ಟಿತ್ತು, ಹುಬ್ಬು ಸುಟ್ಟಿತ್ತು.

ಹೊತ್ತು ಮುಳುಗಿತು. ಕೆಳಗಿನ ಊರಿನ ಮಸೀದಿಯಿಂದ ಬಾಂಗು ಕೇಳಿತು, ಮೌಲಾಲಿ ಇದ್ದಲ್ಲೇ ಬೂದಿಯಲ್ಲಿ ಕೂತ, ಜೇಬಿಗೆ ಕೈ ಹಾಕಿದ, ಚೌಕಾಗಿ ಮಡಿಸಿದ ಕಾಗದದ ಪುಡಿಕೆ, ಅದರೊಳಗೆ ಖರ್ಜೂರ, ತುಟಿ ಅಲುಗಿತು, ಒಂದು ಬಾಯಿಗೆ ಹಾಕಿಕೊಂಡು ಅವಳ ಕಡೆ ನೋಡಿದ, ಈಗ ನೀರು ಕೊಡ್ರಿ ಮೇಡಂ, ಇವತ್ತ ಮೊದಲನೇ ರೋಜಾ. ರೋಜಾ. ರಂಜಾನಿನ ಉಪವಾಸ, ನಿನ್ನೆ ಸಂಜೆ ಇಡೀ ಊರು ಚಂದ್ರನನ್ನು ನೋಡಿರಬೇಕು, ಅವಳು ಚಂದ್ರಂಪಳ್ಳಿಯ ಕ್ವಾರ್ಟರ್ಸಿನಲ್ಲಿ ಇವತ್ತು ಯಾರು ಎಲ್ಲಿ ನಿಲ್ಲಬೇಕು ಅಂತ ಲೆಕ್ಕ ಹಾಕುತ್ತ ಕೂತಿದ್ದಳು, ಪಡುವಣಕ್ಕೆ ನೋಡಿದ್ದು ಹೊತ್ತನ್ನು, ಎಮ್ಮೆಯನ್ನಲ್ಲ, ನೀರು ಬ್ಯಾಡ ಅಂದದ್ದು — ಫೋನು ಬಡಿದುಕೊಳ್ಳುತ್ತಿದೆ, ಸಾಹೇಬರು, ಯಾರೋ ಆಗಲೇ ಹೇಳಿದ್ದಾರೆ, ಹೊಗಿ ಇಲ್ಲೀತನಕ ಕಾಣಾಕತ್ತದ ಬಸವೇಶ್ವರಿ, ತಿರುವಿನಾಗ ಯಾರಿದ್ರು, ಮಧ್ಯಾಹ್ನ ನೀನೇ ಮೌಲಾಲಿ ಅಂತ ಹೇಳಿದ್ದಿ, ಆ ಎಮ್ಮಿ ಕಾಯಾಂವ ಹೌದಲ್ಲ, ನನಗ ಮೊದಲೇ ಅನುಮಾನಿತ್ತು, ರಿಪೋರ್ಟಿನಾಗ ಅವನ ಹೆಸರು ಬರಿ. ಹೌದು ಅಂದರೆ ಮುಗಿಯಿತು, ಎಲ್ಲರೂ ನಂಬುತ್ತಾರೆ, ಅವಳೇ ನಂಬಿದ್ದಳಲ್ಲ. ಯಾರೂ ಇರಲಿಲ್ಲ ಸರ್, ಅಂದಳು, ಅಲ್ಲಿದ್ದವರನ್ನ ನಾನೇ ಕರಕೊಂಡೆ. ಯಾಕ ಕರಕೊಂಡಿ. ಯಾಕೆ. ಮೌಲಾಲಿ ನೀರು ಕುಡಿದು ಬಾಟಲಿ ಮುಚ್ಚಿ ಎದ್ದು ಬರುತ್ತಿದ್ದಾನೆ, ಕಿವಿಗೆ ಕೈ ಹಾಕಿದ್ದಾನೆ, ಕಡ್ಡಿಪೆಟ್ಟಿಗಿ ಕೊಡ್ರಿ ಮೇಡಂ ಒಂದ್, ರೋಜಾ ಇದ್ದಾಗ ನಾ ಮನ್ಯಾಗೇ ಇಟ್ಟು ಬರ್ತೀನಿ, ಕೈಯಾಗ ಇದ್ರ ಮನಸ ತಡಿಯಂಗಿಲ್ಲ. ಬಸವೇಶ್ವರಿ, ಕೇಳಾಕತ್ತದೇನು, ಯಾಕ ಕರಕೊಂಡಿ ಅವನ್ನ. ಡಬ್ಬಿಯ ಮುಚ್ಚಳಕ್ಕೆ ಅವಳು ಉಗುರು ಹಾಕಿದ್ದಾಳೆ, ಮುಚ್ಚಳ ಬರುತ್ತಿಲ್ಲ, ಒಳಗೆ ಎಲ್ಲರ ಕಡ್ಡಿಗಳು ಗಲಗಲ ಅನ್ನುತ್ತಿವೆ, ಅವನು ಕಾಯುತ್ತ ನಿಂತಿದ್ದಾನೆ, ಹಿಂದೆ ಪೂರಾ ಕರಿ, ಅವನ ಎರಡು ಬೆರಳ ನಡುವೆ ಆ ಬೀಡಿ, ಅಷ್ಟು ಬೆಂಕಿಯೊಳಗೆ ಹೋಗಿ ಬಂದರೂ ಹೊತ್ತದ ಬೀಡಿ, ಕೆಂಪು ದಾರದ ಬೀಡಿ