ಮಳೆ ಬಂದ ದಿನ ಹೇಳು

ಗುರುವಾರ ಸಂಜೆ ಲೋರ್ನಾ ಹಾರ್ಕರ್ ಫೋನಿನಲ್ಲಿ ಹವಾಮಾನ ನೋಡಿ, ಹೆಚ್ಚು ಯೋಚಿಸದೆ, ತನ್ನ ಅಂಗಡಿಯಲ್ಲಿ ಮೀನು ಕರಿಯುವ ಜನೀನ್‌ಗೆ ಒಂದು ಸಂದೇಶ ಕಳಿಸಿದಳು: ‘ನಾಳೆ ಬೇಡ ಕಣೇ. ಗಾಳಿ ಮಳೆಯಂತೆ.’ ಚಳಿಗಾಲವಿಡೀ ಇದನ್ನೇ ಕಳಿಸಿ ಕಳಿಸಿ ಹೆಬ್ಬೆರಳಿಗೆ ಅಭ್ಯಾಸವಾಗಿಹೋಗಿತ್ತು. ನಾಳೆ ಗುಡ್ ಫ್ರೈಡೇ ಎನ್ನುವುದು ಅವಳಿಗೆ ಮರೆತಿರಲಿಲ್ಲ. ಮಳೆಯಲ್ಲಿ ಫೈಲಿ ಊರಿನ ಸಮುದ್ರ ನೋಡಲು ಯಾರು ಬರುತ್ತಾರೆ, ಊರವರಿಗಷ್ಟೇ ಮೀನು ಕರಿಯುವುದಾದರೆ ನಾನೊಬ್ಬಳೇ ಸಾಕು ಎಂದುಕೊಂಡಳು. ಜಿಪುಣತನಕ್ಕೆ ಲೆಕ್ಕಾಚಾರವೆಂದು ಹೆಸರಿಟ್ಟುಕೊಳ್ಳುವುದರಲ್ಲಿ ಅಂಗಡಿಯವರನ್ನು ಮೀರಿಸುವವರಿಲ್ಲ.

ಬೆಳಿಗ್ಗೆ ಪರದೆ ಸರಿಸಿದರೆ ಬಿಸಿಲು. ಮೋಡದ ಚೂರೂ ಇಲ್ಲ. ಲೀಡ್ಸ್, ಹಲ್ ನಗರಗಳ ಕಡೆಯ ಕಾರುಗಳು ಆಗಲೇ ಸಮುದ್ರದ ರಸ್ತೆಗೆ ಇಳಿಯುತ್ತಿದ್ದವು.

ಗುಡ್ ಫ್ರೈಡೇ ದಿನ ಯಾರ್ಕ್‌ಷೈರಿನಲ್ಲಿ ಚರ್ಚಿನ ಮುಖ ನೋಡದವನೂ ಮೀನು ತಿನ್ನುತ್ತಾನೆ. ಅವತ್ತು ಯಾವ ಅಂಗಡಿಯ ಮುಂದೆ ಸಾಲಿನಲ್ಲಿ ನಿಂತನೋ ವರ್ಷವಿಡೀ ಅದೇ ಅವನ ಅಂಗಡಿ. ಇವತ್ತು ಎಡವಿದರೆ ಬೇಸಿಗೆಯ ಗಿರಾಕಿಗಳೆಲ್ಲ ರಸ್ತೆಯ ಆ ತುದಿಯ ಹೊಸ ಅಂಗಡಿಯ ಪಾಲು. ಹಾಗಾದರೆ ಮುಂದಿನ ಚಳಿಗಾಲ ಕಾಣುವ ಮೊದಲೇ ಹಾರ್ಕರ್ ಮೀನಂಗಡಿಯ ಬೋರ್ಡು ಇಳಿಸಬೇಕಾಗುತ್ತಿತ್ತು. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕರಿಯಲು ತನಗೆ ಸರಿಯಾಗಿ ಬರುವುದಿಲ್ಲ ಎನ್ನುವುದೂ ಗೊತ್ತಿತ್ತು. ಗಂಡ ಬ್ಯಾರಿ ಇದ್ದಾಗ ಅವನು ಕರಿಯುತ್ತಿದ್ದ, ಅವನು ಹೋದ ಮೇಲೆ ಜನೀನ್. ಲೋರ್ನಾ ಯಾವಾಗಲೂ ಗಲ್ಲಾದವಳು.

ಫೋನ್ ಮಾಡಿದಳು.

“ಜನೀನ್, ಎದ್ದಿದೀಯೇನೇ? ಹೊರಗೆ ನೋಡು, ಎಂಥಾ ಬಿಸಿಲು! ಬೇಗ ಬಂದ್ಬಿಡು.”

“ಆಗಲ್ಲ ಲೋರ್ನಾ. ನೀನು ಬೇಡ ಅಂದ್ಯಲ್ಲ, ಅಮ್ಮನ್ನ ಸಮುದ್ರದ ಹತ್ರ ಕರ್ಕೊಂಡು ಹೋಗ್ತೀನಿ ಅಂತ ಹೇಳ್ಬಿಟ್ಟಿದೀನಿ.”

“ಇವತ್ತು ಗುಡ್ ಫ್ರೈಡೇ ಕಣೇ!”

“ನಿನ್ನೆ ನೀನು ಬೇಡ ಅಂದಾಗ್ಲೂ ಇವತ್ತು ಗುಡ್ ಫ್ರೈಡೇನೇ ಆಗಿತ್ತು.”

“ಎರಡರಷ್ಟು ಸಂಬಳ ಕೊಡ್ತೀನಿ ಮಾರಾಯ್ತಿ.”

“ಕೆಲಸಕ್ಕೆ ಸೇರ್ಸ್ಕೊಂಡಾಗ ನೀನೇ ಹೇಳಿದ್ದು ನೆನಪಿಲ್ವಾ? ಕರೆಯೋದು ನಿನ್ನಿಷ್ಟ, ಬರೋದು ನನ್ನಿಷ್ಟ. ಚಳಿಗಾಲ ಪೂರ್ತಿ ನಿನ್ನಿಷ್ಟ ನಡೀತು. ಇವತ್ತೊಂದಿನ ನಂದು.” ಫೋನ್ ಇಟ್ಟಳು.

ಹೇಳಿದ್ದು ನಿಜ. ಗಂಟೆಗಳ ಭರವಸೆ ಇಲ್ಲದ ಕರಾರು ಅದು, ಜೀರೋ ಅವರ್ ಎನ್ನುತ್ತಾರಲ್ಲ, ಅದೇ. ಅದಿಲ್ಲದಿದ್ದರೆ ಜನವರಿಯಲ್ಲೇ ಅಂಗಡಿಗೆ ಬೀಗ ಬೀಳುತ್ತಿತ್ತು. ಖಾಲಿ ಅಂಗಡಿಯಲ್ಲಿ ಆಳನ್ನು ಕೂರಿಸಿ ಸಂಬಳ ಕೊಡಲು ಲೋರ್ನಾ ಏನೂ ಸಾಹುಕಾರ್ತಿಯಲ್ಲ. ಅಮ್ಮ ಡೋರೀನ್ ಬಿದ್ದು ಸೊಂಟ ಮುರಿದುಕೊಂಡಾಗ ಜನೀನ್‌ಗೂ ಅದೇ ಕರಾರು ಅನುಕೂಲವಾಗಿತ್ತು. ಮಂಗಳವಾರ ಆಸ್ಪತ್ರೆಯಿದ್ದರೆ “ಬರಲ್ಲ” ಎಂದರೆ ಮುಗಿಯಿತು, ಯಾರನ್ನೂ ಗೋಗರೆಯಬೇಕಿರಲಿಲ್ಲ.

ಆದರೆ ಮಾರ್ಚಿನ ಒಂದು ದಿನವೂ ಇತ್ತು. ಕರೆದಿದ್ದಕ್ಕೇ ಜನೀನ್ ಮಳೆಯಲ್ಲಿ ಬಸ್ಸು ಹಿಡಿದು ಬಂದಿದ್ದಳು. ಲೋರ್ನಾ ಬಾಗಿಲನ್ನು ಅರ್ಧ ತೆರೆದು, “ಯಾರೂ ಇಲ್ಲ ಕಣೇ, ವಾಪಸ್ ಹೋಗ್ಬಿಡು” ಎಂದಿದ್ದಳು. ಒಂದು ಕಪ್ ಚಹಾಕ್ಕೂ ಒಳಗೆ ಕರೆದಿರಲಿಲ್ಲ. “ಆಯ್ತು” ಎಂದು ಜನೀನ್ ನೆನೆಯುತ್ತ ಬಸ್ ನಿಲ್ದಾಣಕ್ಕೆ ನಡೆದಿದ್ದಳು. ಫೋನು ಕೈಯಲ್ಲಿ ಹಿಡಿದು ನಿಂತ ಲೋರ್ನಾಳಿಗೆ ಆ ಬೆನ್ನೇ ಕಣ್ಣಿಗೆ ಕಟ್ಟಿತು, ನಾಚಿಕೆಯಾಯಿತು.

ಬಾಗಿಲು ತೆಗೆಯುವ ಹೊತ್ತಿಗೆ ಸಾಲು ದೋಣಿ ಇಳಿಸುವ ಇಳಿಜಾರಿನವರೆಗೆ ಮುಟ್ಟಿತ್ತು. ಗಲ್ಲಾದಲ್ಲಿ ನಾದಿನಿ ಯೂನಿಸ್, ಬಾಣಲೆಯ ಮುಂದೆ ಲೋರ್ನಾ. ಕರಿಯಲು ಎಣ್ಣೆಯ ಬದಲು ಹಾಕುವ ದನದ ಕೊಬ್ಬು ಒಮ್ಮೆ ಹೊಗೆಯಾಡುತ್ತಿತ್ತು, ಒಮ್ಮೆ ತಣ್ಣಗಾಗುತ್ತಿತ್ತು. ಹಿಟ್ಟು ಮೀನನ್ನು ಬಿಟ್ಟು ತನ್ನ ಪಾಡಿಗೆ ತಾನು ತೇಲುತ್ತಿತ್ತು. ಮಣಿಕಟ್ಟಿಗೆ ಬಿಸಿ ಕೊಬ್ಬು ಸಿಡಿದು ಬೊಬ್ಬೆ ಎದ್ದಿತು.

“ಏನಿದು, ಮೀನಿಗೆ ಅರ್ಧ ಅಂಗಿ ತೊಡಿಸಿದೀಯ?” ಎಂದಳು ಯೂನಿಸ್.

“ಬಾಯಿ ಮುಚ್ಕೊಂಡು ಪೊಟ್ಟಣ ಕಟ್ಟು.”

ದಪ್ಪನೆಯ ಒಬ್ಬ ಗಿರಾಕಿ ಪೊಟ್ಟಣವನ್ನು ವಾಪಸ್ ತಂದು ಕಟ್ಟೆಯ ಮೇಲಿಟ್ಟ. “ಒಳಗೆ ಹಸಿ ಇದೆಯಮ್ಮ.” ಅವನ ಹಿಂದಿದ್ದವರು ಮುಖ ಮುಖ ನೋಡಿಕೊಂಡರು. ಈ ದೇಶದಲ್ಲಿ ಸಾಲಿನಲ್ಲಿ ನಿಂತವರು ಗಲಾಟೆ ಮಾಡುವುದಿಲ್ಲ, ಗಡಿಯಾರ ನೋಡುತ್ತಾರೆ; ಅದು ಗಲಾಟೆಗಿಂತ ಕೆಟ್ಟದ್ದು. ಒಂದು ಕುಟುಂಬ ಸದ್ದಿಲ್ಲದೆ ಸಾಲು ಬಿಟ್ಟು ರಸ್ತೆಯ ಆ ತುದಿಗೆ ನಡೆಯಿತು. ಅದರ ಹಿಂದೆ ಇನ್ನೊಂದು.

ಆಗ ಲೋರ್ನಾ ಕಿಟಕಿಯಾಚೆ ನೋಡಿದಳು. ಸಾಲಿನ ನಡುವೆ ನೀಲಿ ಕೋಟು ತೊಟ್ಟು ಜನೀನ್ ನಿಂತಿದ್ದಳು. ಗಾಲಿಕುರ್ಚಿಯಲ್ಲಿ ಡೋರೀನ್, ತಲೆಗೆ ಹೂವಿನ ಸ್ಕಾರ್ಫು.

“ಬಂದಿದಾಳೆ!” ಯೂನಿಸ್ ಪಿಸುಗುಟ್ಟಿದಳು. “ಹೋಗು, ಕೈಕಾಲು ಹಿಡಿದಾದ್ರೂ ಒಳಗೆ ಕರ್ಕೊಂಡ್ ಬಾ.”

“ಬಾಣಲೆ ಬಿಟ್ಟು ಹೇಗೆ ಹೋಗ್ಲಿ?”

ನಿಜವಾಗಿ ಹೋಗುವ ಧೈರ್ಯವಿರಲಿಲ್ಲ. ಸಾಲು ಹೆಜ್ಜೆ ಹೆಜ್ಜೆಯಾಗಿ ಸರಿಯಿತು. ಜನೀನ್ ಯಾರನ್ನೂ ದಾಟಲಿಲ್ಲ, ಒಳಗೆ ಇಣುಕಲಿಲ್ಲ, ಅಮ್ಮನ ಜೊತೆ ನಗುತ್ತ ತನ್ನ ಸರದಿಗೆ ಕಾದಳು.

“ಎರಡು ಹ್ಯಾಡಕ್ ಮೀನು, ಎರಡು ಚಿಪ್ಸ್. ಅಮ್ಮನಿಗೆ ಬಟಾಣಿ” ಎಂದಳು ಜನೀನ್, ಕಟ್ಟೆಯ ಆಚೆಯಿಂದ.

ಲೋರ್ನಾ ಜಾಲರಿ ಕೆಳಗಿಟ್ಟಳು. ಸಾಲೆಲ್ಲ ಕೇಳುವ ಹಾಗೆ ಹೇಳಿಬಿಟ್ಟಳು: “ಬುಧವಾರದಿಂದ ಶನಿವಾರ ಕೆಲಸ ನಿಂದು. ಪ್ರತಿ ವಾರ. ಬರೆದು ಕೊಡ್ತೀನಿ ಜನೀನ್. ಈಗ ಒಳಗೆ ಬಾ.”

ಜನೀನ್ ತಿರುಗಿ ಸಾಲನ್ನು ನೋಡಿದಳು. “ಇವ್ರೆಲ್ಲ ನಿಂತಿದಾರೆ ಅಂತ ತಾನೆ ಹೇಳ್ತಿರೋದು?”

ಸುಳ್ಳು ಹೇಳಬಹುದಿತ್ತು. ಲೋರ್ನಾಳಿಗೆ ಅದೂ ಸಾಕಾಗಿಹೋಗಿತ್ತು. “ಹೌದು” ಎಂದಳು.

“ಹಾಗಾದ್ರೆ ಮಳೆ ಬಂದ ದಿನ ಹೇಳು.”

ದುಡ್ಡು ಕೊಟ್ಟು, ಪೊಟ್ಟಣವನ್ನು ಅಮ್ಮನ ತೊಡೆಯ ಮೇಲಿಟ್ಟು, ಕುರ್ಚಿ ತಳ್ಳಿಕೊಂಡು ಹೋದಳು. ಮಧ್ಯಾಹ್ನ ಮುಗಿಯುವಷ್ಟರಲ್ಲಿ ಸಾಲು ಅರ್ಧಕ್ಕರ್ಧ ಕರಗಿತು. ಸಂಜೆ ಉಳಿದ ಮೀನನ್ನು ನೋಡಿ ಲೋರ್ನಾ ಯೂನಿಸಳ ಎದುರೇ ಅತ್ತಳು. ಯೂನಿಸ್ ಬಾಣಲೆ ಉಜ್ಜತೊಡಗಿದಳು.

ಹಬ್ಬ ಕಳೆದ ಬುಧವಾರ ಮಳೆ ಬಂತು. ಸಮುದ್ರ, ರಸ್ತೆ ಎಲ್ಲ ಒಂದೇ ಬೂದು ಬಣ್ಣ. ಲೋರ್ನಾ ಬಾಣಲೆಗೆ ಉರಿ ಹಚ್ಚಿ, ಬಾಗಿಲು ನೋಡುತ್ತ ಕೂತಳು. ಯಾರೂ ಬರಲಿಲ್ಲ. ‘ಬೇಡ’ ಎಂದು ಕಳಿಸುವ ಹಳೆಯ ಅಭ್ಯಾಸದಲ್ಲಿ ಕೈ ತಾನಾಗಿ ಫೋನಿನ ಕಡೆ ಹೋಯಿತು. ಸಾಲಿನ ಮುಂದೆ ಹೇಳಿದ್ದನ್ನು ನುಂಗಿಕೊಂಡು ಸುಮ್ಮನಿರಬಹುದಿತ್ತು. ಕೇಳಿಸಿಕೊಂಡವರೆಲ್ಲ ಬೇರೆ ಊರಿನವರು, ಯಾರು ಬಂದು ಕೇಳುತ್ತಿದ್ದರು? ಖಾಲಿ ಅಂಗಡಿಯಲ್ಲಿ ಇಬ್ಬರು ಕೂತು ಮಳೆ ನೋಡಿದರೆ ಇಬ್ಬರೂ ಮುಳುಗುತ್ತೇವೆ ಎಂದುಕೊಂಡಳು.

ಉರಿ ಆರಿಸಿ, ಬಾಗಿಲಿಗೆ ಬೀಗ ಹಾಕಿ, ಕೊಡೆಯಿಲ್ಲದೆ ಹೊರಟಳು.

ಜನೀನ್ ಬಾಗಿಲು ತೆಗೆದಾಗ ಲೋರ್ನಾಳ ಕೂದಲಿನಿಂದ ನೀರಿಳಿಯುತ್ತಿತ್ತು.

“ಅಂಗಡೀಲಿ ಜನ?”

“ಒಂದು ನರಪಿಳ್ಳೆ ಇಲ್ಲ.”

“ನಾಳೆ?”

“ನಾಳೆನೂ ಮಳೆಯಂತೆ. ನಾಡಿದ್ದೂ.”

ಜನೀನ್ ಅವಳ ಹೆಗಲಾಚೆಗೆ, ಖಾಲಿ ರಸ್ತೆಯ ಕಡೆ ನೋಡಿದಳು. “ಸರಿ. ಈಗ ಹೇಳು.”

“ಬುಧವಾರದಿಂದ ಶನಿವಾರ. ಚಳಿಗಾಲದಲ್ಲೂ. ಜನ ಬರಲಿ, ಬಿಡಲಿ. ಮಿಕ್ಕ ದಿನ ಅಂಗಡಿ ಮುಚ್ತೀನಿ, ಇಲ್ಲಾಂದ್ರೆ ನನ್ನ ಕೈಲಿ ಆಗಲ್ಲ.” ಲೋರ್ನಾ ಮುಖದ ನೀರು ಒರೆಸಿಕೊಂಡಳು. “ಹೆದರಿಕೆ ಆಗ್ತಿದೆ ಕಣೇ. ನಾಳೆ ಹೇಗೋ ಏನೋ ಗೊತ್ತಿಲ್ಲ.”

“ನಂಗೂ ಚಳಿಗಾಲ ಪೂರ್ತಿ ಹಾಗೇ ಆಗ್ತಿತ್ತು” ಎಂದ ಜನೀನ್, ಅವಳು ಒಳಗೆ ಬರಲೆಂದು ಬಾಗಿಲಿನಿಂದ ಪಕ್ಕಕ್ಕೆ ಸರಿದಳು.