ಗುರವ್ವನ ಉಸಿರು ಹೊತ್ತ ಬ್ಯಾಟರಿ

ನಾನು ಒಂದು ಲಿಥಿಯಂ ಬ್ಯಾಟರಿ. ಹುಟ್ಟಿದ್ದು ಇಳಕಲ್ಲಿನ ದಾವಲಸಾಬರ ಅಂಗಡಿಯಲ್ಲಿ. ನಾಲ್ಕು ನೀಲಿ ಕೋಶಗಳನ್ನು ತಗಡಿನ ಪೆಟ್ಟಿಗೆಗಿಳಿಸಿ, ನೆತ್ತಿಯ ಮೇಲೆ ಅಂಗೈಯಗಲದ ಹಸಿರು ಸರ್ಕ್ಯೂಟ್ ಹಲಗೆಯೊಂದನ್ನು ಕೂರಿಸಿದರು. ಅವನೇ ನನ್ನ ಕಾವಲುಗಾರ. ನಾನು ಅತಿಯಾಗಿ ಕುಡಿದರೂ ಅತಿಯಾಗಿ ಬಿಸಿಯಾದರೂ ಕರೆಂಟಿನ ಬಾಗಿಲು ಹಾಕುವುದು ಅವನ ಕೆಲಸ. ಮೊದಮೊದಲು ನನಗೆ ಅವನನ್ನು ಕಂಡರಾಗುತ್ತಿರಲಿಲ್ಲ. ಅತ್ತೆಯ ಕಣ್ಣು ಬೆನ್ನ ಮೇಲಿದ್ದರೆ ಯಾವ ಸೊಸೆಗೆ ಹಿತ?

ನನ್ನನ್ನು ಕೊಂಡವನು ಸಿದ್ಲಿಂಗಪ್ಪ. ಸಣ್ಣ ಲಾರಿಯಲ್ಲಿ ಸೀರೆ ಹೇರಿಕೊಂಡು ಊರೂರ ಸಂತೆ ತಿರುಗುವವನು. ಅವನ ಹೆಂಡತಿ ಗುರವ್ವ ಗ್ರಾನೈಟ್ ಪಾಲಿಶ್ ಮಾಡಿ ಮಾಡಿ ಎದೆಯೊಳಗೆ ಕಲ್ಲಿನ ಧೂಳು ತುಂಬಿಕೊಂಡವಳು. ಆಕ್ಸಿಜನ್ ಯಂತ್ರವಿಲ್ಲದೆ ಅವಳಿಗೆ ಉಸಿರಿಲ್ಲ. ಮನೆಯ ಕರೆಂಟನ್ನು ನೆಚ್ಚುವಂತಿಲ್ಲ. ಅದಕ್ಕೇ ಅವನು ಲಾರಿಯ ಹಿಂದೆ ತಗಡಿನ ಕೋಣೆ ಕಟ್ಟಿಸಿ, ಅವಳ ಮಂಚದಡಿ ನನ್ನನ್ನಿಟ್ಟ. ಗಾಡಿ ಓಡಿದರೆ ನನ್ನ ಹೊಟ್ಟೆ ತುಂಬುತ್ತಿತ್ತು, ನನ್ನಿಂದ ಅವಳ ಎದೆ.

“ಬಂದ್ ಆತಂದ್ರ ಹೆದರಬ್ಯಾಡ,” ಎಂದಿದ್ದರು ದಾವಲಸಾಬರು, ನನ್ನನ್ನು ಮಾರುವಾಗ. “ನೆರಳಿಗೆ ನಿಲ್ಲಸು, ತಣ್ಣಗಾಗ್ಲಿ. ಅಲ್ಲೀತನಕಾ ಆಕ್ಸಿಜನ್ ಸಿಲಿಂಡರ್ ಹಚ್ಚು.”

ಬೇಸಿಗೆಯ ಒಂದು ಮಧ್ಯಾಹ್ನ ದಾರಿಯಲ್ಲಿ ನಾನು ಸುಡತೊಡಗಿದೆ. ಕಾವಲುಗಾರ ಬಾಗಿಲು ಹಾಕಿದ. ಯಂತ್ರ ನಿಂತಿತು. ಸಿದ್ಲಿಂಗಪ್ಪ ಸಿಲಿಂಡರಿನ ತಿರುಪು ತಿರುಗಿಸುವಷ್ಟರಲ್ಲಿ ಗುರವ್ವನ ತುಟಿ ನೀಲಿಗಟ್ಟಿತ್ತು. ಅವಳು ಉಳಿದಳು, ಆದರೆ ಅವನ ಜೀವ ಬಾಯಿಗೆ ಬಂದಿತ್ತು. ಸೀದಾ ರಸ್ತೆ ಬದಿಯ ಮೆಕ್ಯಾನಿಕ್ಕನ ಬಳಿ ಗಾಡಿ ನಿಲ್ಲಿಸಿದ.

“ಈ ಹಲಗಿನ ಕೈ ಕೊಡೂದು, ಯಣ್ಣಾ. ಡೈರೆಕ್ಟ್ ಮಾಡಿಬಿಡೂಣು,” ಎಂದ ಮೆಕ್ಯಾನಿಕ್.

ನಮ್ಮ ಕಡೆ ಕೆಟ್ಟದ್ದಕ್ಕೆಲ್ಲ ಇದೊಂದೇ ಮದ್ದು. ಹಲಗೆ ಇದ್ದ ಜಾಗಕ್ಕೆ ದಪ್ಪ ವೈರಿನ ತುಂಡೊಂದು ಬಂತು, ಕಾವಲುಗಾರ ಡ್ಯಾಶ್‌ಬೋರ್ಡಿನ ಖಾನೆ ಸೇರಿದ.

“ಇನ್ನ ನಿನ್ನ ಮಷಿನ್ ನಿಲ್ಲಂಗಿಲ್ಲ ನೋಡು,” ಎಂದು ಸಿದ್ಲಿಂಗಪ್ಪ ಹೇಳಿದಾಗ ಗುರವ್ವ ನಕ್ಕಳು. ಆ ನಗು ನೆನೆದರೆ ಈಗಲೂ ನನಗೆ ಸಂಕಟವಾಗುತ್ತದೆ.

ಬೇಡವೆನ್ನುವವರಿಲ್ಲದೆ ಕುಡಿದೆ, ಕುಡಿದು ಕುಡಿದು ಉಬ್ಬಿದೆ. ಒಂದು ಸಂತೆಯ ದಿನ, ಮುಂಜಾನೆಯಿಂದ ಓಡಿ ಬಂದ ಗಾಡಿ ಬಿಸಿಲಿಗೆ ನಿಂತಿತ್ತು. ಅವನು ಆಚೆ ಗಿರಾಕಿಗೆ ಸೆರಗು ಬಿಡಿಸಿ ತೋರಿಸುತ್ತಿದ್ದ. ನನ್ನ ಒಂದು ಕೋಶ ಸೀಳಿತು. ಕೋಣೆಯ ತುಂಬ ಹೊಗೆ. ಗುರವ್ವ ಅವನನ್ನು ಕರೆಯಬೇಕಾದಾಗಲೆಲ್ಲ ಮಾಡುತ್ತಿದ್ದಂತೆ ಸ್ಟೀಲಿನ ಲೋಟದಿಂದ ತಗಡಿನ ಗೋಡೆ ಬಡಿದಳು. ಸಂತೆಯ ಗದ್ದಲದಲ್ಲಿ ಅವನಿಗೆ ಕೇಳಲಿಲ್ಲ. ನನಗೆ ಕೇಳಿತು. ಬಡಿತ ನಿಧಾನವಾಯಿತು, ಆಮೇಲೆ ನಿಂತೇಹೋಯಿತು.

ನನ್ನನ್ನು ಗುಜರಿಯವರೂ ಮುಟ್ಟಲಿಲ್ಲ. ದಾವಲಸಾಬರ ಹಿತ್ತಲಿನ ಮರಳಿನಲ್ಲಿ ಬಿದ್ದಿದ್ದೇನೆ. ನಿನ್ನೆ ಸಿದ್ಲಿಂಗಪ್ಪ ಬಂದಿದ್ದ, ಕೈಯಲ್ಲಿ ಆ ಹಸಿರು ಹಲಗೆ.

“ಚಾಚಾ, ಇದು ಅವತ್ತ ಯಾಕ ಬಂದ್ ಆಗಿತ್ತು?”

ದಾವಲಸಾಬರು ಹಲಗೆಯ ಮೇಲಿನ ಧೂಳನ್ನು ಹೆಬ್ಬೆರಳಿನಿಂದ ಒರೆಸಿದರು.

“ಗುರವ್ವನ್ನ ಉಳಸಾಕ, ತಮ್ಮಾ.”

ಅವನು ಹಲಗೆಯನ್ನು ನನ್ನ ನೆತ್ತಿಯ ಮೇಲೆ, ಮೊದಲಿದ್ದ ಜಾಗದಲ್ಲೇ ಇಟ್ಟು ಹೋದ. ಕಾವಲಿಗೆ ಈಗ ಏನೂ ಉಳಿದಿಲ್ಲ.