ಬಾಣಂತಿಯ ಹೊಸ್ತಿಲು

ಮೊದಲ ಮೊಳೆ ಸೊಟ್ಟಗಾಯಿತು.

"ನೆಟ್ಟಗ ಬಡಿಯೋ. ಗಂಡ ಬಡದ್ರಷ್ಟ ಆಕಿ ಒಳಗ ಬರಂಗಿಲ್ಲ," ಎಂದಳು ತಾಯಿ ಅಮರಮ್ಮ. ಅವಳ ತೊಡೆಯ ಮೇಲೆ ಒಂಬತ್ತು ದಿನದ ಕೂಸು ಅಳುತ್ತಿತ್ತು.

"ಯವ್ವಾ, ಇದೆಲ್ಲಾ ಸುಳ್ಳು."

"ಸುಳ್ಳಿದ್ರ ಬಡಿಯಾಕ ಏನು ತ್ರಾಸು?"

ಅಂಬರೇಶ ಇನ್ನೊಂದು ಮೊಳೆ ಎತ್ತಿಕೊಂಡ. ದೇವದುರ್ಗದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವನು. ಹೋದ ವರ್ಷ ಮಾನ್ವಿಯಲ್ಲಿ ಮೂಢನಂಬಿಕೆಯ ವಿರುದ್ಧ ಒಂದು ತಾಸು ಭಾಷಣ ಬಿಗಿದಿದ್ದ. ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವಳು ಹೆಂಡತಿ ಮಲ್ಲೇಶ್ವರಿ. ಮೂರು ದಿನದ ಹಿಂದೆ ಅವಳನ್ನು ಮಣ್ಣು ಮಾಡಿ ಬಂದಿದ್ದರು. ಬಾಣಂತಿ ಸತ್ತರೆ ದೆವ್ವವಾಗಿ ಕೂಸಿಗಾಗಿ ಬರುತ್ತಾಳೆ, ಹೊಸ್ತಿಲಿಗೆ ಮೊಳೆ ಬಡಿಯಬೇಕು ಎಂದು ಓಣಿಯ ಹೆಂಗಸರೆಲ್ಲ ಹೇಳಿದ್ದರು.

ದೆವ್ವವನ್ನು ಅವನು ನಂಬುತ್ತಿರಲಿಲ್ಲ. ಅವಳು ಸಾಯುವ ಹಿಂದಿನ ಸಂಜೆ ಆಡಿದ ಮಾತು ಮಾತ್ರ ಕಿವಿಯಲ್ಲಿತ್ತು.

"ರೀ, ರಕ್ತ ಭಾಳ ಹೋಗಾಕತ್ತದ."

ಉತ್ತರಪತ್ರಿಕೆಗಳಿಂದ ತಲೆಯೆತ್ತದೆ, "ಹಂಗ ಇರ್ತದ, ಮಲಕ್ಕೋ" ಎಂದಿದ್ದ. ಮರುದಿನ ಬೆಳಿಗ್ಗೆ, ರಾಯಚೂರಿನ ದಾರಿಯಲ್ಲಿ, ಆಂಬುಲೆನ್ಸಿನಲ್ಲೇ ಅವಳ ಕೈ ತಣ್ಣಗಾಗಿತ್ತು.

ಬಂದರೆ ಅವಳು ಕೂಸನ್ನು ಕೇಳುವುದಿಲ್ಲ. ತನ್ನನ್ನು ಕೇಳುತ್ತಾಳೆ.

ಎರಡನೆಯ ಮೊಳೆ ನೆಟ್ಟಗೆ ಇಳಿಯಿತು. ಮೂರನೆಯದೂ. ಕೈ ಇಷ್ಟು ಬೇಗ ಪಳಗಿದ್ದು ಕಂಡು ಅವನಿಗೇ ಹೇಸಿಗೆಯಾಯಿತು.

ತಲೆಯೆತ್ತಿದರೆ ಅಂಗಳದಲ್ಲಿ ಮಲ್ಲೇಶ್ವರಿಯ ತಾಯಿ ದುರುಗಮ್ಮ. ಜಾಲಹಳ್ಳಿಯ ಬಸ್ಸಿಳಿದು ಬಂದವಳು ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ಒಳಗ ಬರ್ರಿ, ಅತ್ತಿ."

"ನನ್ನ ಮಗಳಿಗೆ ಬಂದ್ ಮಾಡಿದ ಬಾಗಲಾಗ ನಾ ಹೆಂಗ ಬರಲ್ರಿ?"

"ಅವ್ವ ಅಂದ್ಲು..."

"ಬಡದವರು ನೀವು."

ಅವನು ಸುತ್ತಿಗೆಯನ್ನು ಬೆನ್ನ ಹಿಂದೆ ಸರಿಸಿದ. ದುರುಗಮ್ಮ ಅಳಲಿಲ್ಲ. ಕೈಚೀಲದಿಂದ ಮಾಸಿದ ನೀಲಿ ಸೀರೆಯೊಂದನ್ನು ತೆಗೆದು, ನಿಂತಲ್ಲಿಂದಲೇ ಚಾಚಿದಳು.

"ಆಕೀದು. ಕೂಸಿಗೆ ತೊಟ್ಲಾ ಕಟ್ಟ್ರಿ. ತಾಯಿ ವಾಸನಿ ಇದ್ರ ಮಲಗ್ತದ."

"ಆಕಿ ಸೀರಿ ಒಳಗ ಬ್ಯಾಡ!" ಅಮರಮ್ಮ ಚೀರಿದಳು. ಕೂಸು ಬೆಚ್ಚಿಬಿದ್ದು ಇನ್ನೂ ಜೋರಾಗಿ ಅತ್ತಿತು.

ಅಂಬರೇಶ ಸೆರಗು ಹಿಡಿದ. ಎಳೆದುಕೊಳ್ಳಲಿಲ್ಲ, ಬಿಡಲೂ ಇಲ್ಲ. ಇನ್ನೊಂದು ತುದಿ ದುರುಗಮ್ಮನ ಕೈಯಲ್ಲಿತ್ತು. ಹೊಸ್ತಿಲ ಮೇಲೆ, ಒಳಗೂ ಅಲ್ಲದ ಹೊರಗೂ ಅಲ್ಲದ ಜಾಗದಲ್ಲಿ ಸೀರೆ ಜೋತುಬಿದ್ದಿತ್ತು. ಬಿಸಿಗಾಳಿ ಬೀಸಿದಾಗ ಯಾರೋ ಮಲಗಿದಂತೆ ತುಂಬಿಕೊಂಡು, ಮತ್ತೆ ಬರಿದಾಗುತ್ತಿತ್ತು.